ರಾಜರ ಮುಖ ನೋಡಲು ಬಂದ ನಮ್ಮವ್ವ

ಮೂರ್ತಿ ಮಾಡುವವನ ಕೆಲಸದಲ್ಲಿ ಮೂರ್ತಿ ಸುಮ್ಮನೆ ನಿಂತಿರುತ್ತದೆ, ಅದರ ಸುತ್ತ ಇರುವವರು ಮಾತ್ರ ಒಂದು ದಿನವೂ ಸುಮ್ಮನಿರುವುದಿಲ್ಲ. ರಾಯಚೂರಿನಲ್ಲಿ ನನ್ನ ಶೆಡ್ಡು ಇದೆ. ಈ ಸೀಮೆಯಲ್ಲಿ ನನ್ನಷ್ಟು ಚಂದ ಮೀಸೆ ತಿದ್ದುವವರು ಯಾರೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ನಮ್ಮವ್ವ ಹೇಳುವುದಿಲ್ಲ. ಮಲ್ಲಟದಲ್ಲಿ ಕುರಿ ಕಾಯುವ ಮನೆ ನಮ್ಮದು. ಅಪ್ಪ ತೀರಿಕೊಂಡ ಮೇಲೂ ಅವ್ವ ಕುರಿ ಬಿಟ್ಟಿಲ್ಲ. ನಾನು ಏನು ಮಾಡಿ ತೋರಿಸಿದರೂ "ಹ್ಞೂಂ, ಅದ" ಅನ್ನುತ್ತಾಳೆ, ಅಷ್ಟೇ.

ದೇವದುರ್ಗದ ಸರ್ಕಲ್ಲಿನಲ್ಲಿ ಹಳೇ ಕಾಲದ ರಾಜರೊಬ್ಬರನ್ನು ಕುದುರೆ ಮೇಲೆ ಕೂರಿಸುವ ಕೆಲಸ ಸಿಕ್ಕಾಗ, ಈ ಸಲ ಅವಳ ಬಾಯಿಂದ 'ಚಂದ' ಅನ್ನಿಸಿಯೇ ಬಿಡುತ್ತೇನೆ ಎಂದು ಹಟ ತೊಟ್ಟೆ. ರಾಜರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ 'ನಮ್ಮವರು' ಎಂದು ಯಾರ್ಯಾರೋ ಶೆಡ್ಡಿಗೆ ಬರುತ್ತಾರೆ, ಎಲ್ಲರಿಗೂ ಚಹಾ ನಾನೇ ತರಿಸಬೇಕು.

ಗತ್ತು ಇರಬೇಕು

ಮೂರ್ತಿ ಸಮಿತಿಯವರನ್ನು ಕೇಳಿದೆ: "ರಾಜರ ಮಾರಿ ಹೆಂಗಿತ್ರಿ?"

"ಯಾರು ನೋಡ್ಯಾರಪ್ಪ? ಗತ್ತು ಇರಬೇಕು, ಅಷ್ಟ" ಅಂದರು ಅಧ್ಯಕ್ಷರು.

ಮರುದಿನ ಬೆಳಿಗ್ಗೆ ಅವರ ಮುತ್ಯಾನ, ಅಂದರೆ ಅಜ್ಜನ, ಫೋಟೊ ನನ್ನ ಮೊಬೈಲಿಗೆ ಬಂತು. "ಸುಮ್ಮನ ಕಳಿಸೀನಿ" ಎಂದು ಕೆಳಗೆ ಬರೆದಿದ್ದರು. ಮಧ್ಯಾಹ್ನ ಖಜಾಂಚಿಗಳ ಮಾವನವರು ಬಂದರು, ಅವರೂ ಮೊಬೈಲಿನಲ್ಲೇ. ಕಾರ್ಯದರ್ಶಿಗಳ ಮನೆಯಲ್ಲಿ ಹಿರಿಯರ ಫೋಟೊ ಇರಲಿಲ್ಲವೆಂದು ಕಾಣುತ್ತದೆ, ಕಪ್ಪು ಚಸ್ಮಾ ಹಾಕಿದ ತಮ್ಮದೇ ಫೋಟೊ ಕಳಿಸಿ "ಚಸ್ಮಾ ಬಿಟ್ಟು ನೋಡ್ರಿ" ಅಂದರು.

ನಾನು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಒಬ್ಬರ ಮೀಸೆ, ಒಬ್ಬರ ಹುಬ್ಬು, ಒಬ್ಬರ ಗದ್ದ ತೆಗೆದುಕೊಂಡೆ. ಮಣ್ಣಿನ ಮಾದರಿ ನೋಡಲು ಬಂದ ಅಧ್ಯಕ್ಷರು ಕೈ ಮುಗಿದು, "ಥೇಟ್ ನಮ್ಮ ಮುತ್ಯಾ!" ಅಂದರು. ಉಳಿದವರಿಗೂ ಅವರವರ ಮಂದಿಯೇ ಕಂಡರು. ಕುದುರೆಯ ಫೋಟೊ ಮಾತ್ರ ಯಾರೂ ಕಳಿಸಿರಲಿಲ್ಲ. ಹಾಗಾಗಿ ಅದೊಂದು ತನ್ನ ಹಾಗೆಯೇ ಇತ್ತು.

ರಾಜರ ಸವಾರಿ

ರಾಜರನ್ನೂ ಕುದುರೆಯನ್ನೂ ಬೇರೆ ಬೇರೆ ಲಾರಿಯಲ್ಲಿ ಒಯ್ದು ಅಲ್ಲೇ ಜೋಡಿಸುವುದೆಂದು ಮಾತಾಗಿತ್ತು. ದಾರಿಯಲ್ಲಿ ಕುದುರೆಯ ಲಾರಿ ಪಂಕ್ಚರ್ ಆಯಿತು. ರಾಜರು ಮುಂದೆ ಹೋದರು, ಕತ್ತಿ ಎತ್ತಿ, ಎರಡೂ ಕಾಲು ಅಗಲಿಸಿ, ಕೆಳಗೆ ಏನೂ ಇಲ್ಲದೆ.

ದಾರಿಯ ಊರು ಮಸರಕಲ್ಲಿನಲ್ಲಿ ಜನ ಲಾರಿ ನಿಲ್ಲಿಸಿ ತೆಂಗಿನಕಾಯಿ ಒಡೆದರು. ಒಬ್ಬ ಯಜಮಾನರು ಕೇಳಿದರು: "ಕುದುರಿ ಎಲ್ಲಿ?"

"ಹಿಂದ ಬರಾಕತ್ತದ್ರಿ."

"ರಾಜರನ್ನ ಬಿಟ್ಟು ಹಿಂದ ಉಳೀತಂದ್ರ ಅದೆಂಥ ಕುದುರಿಪಾ?"

ಆರತಿ ತಂದಿದ್ದ ಮುದುಕಿಯೊಬ್ಬಳು ರಾಜರ ಕಾಲುಗಳನ್ನೇ ನೋಡುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ ಬೈದಳು: "ಪಾಪ, ಎಷ್ಟೊತ್ತಿಂದ ಹಂಗ ನಿಂತಾನೋ ಏನೋ. ಕುಂದ್ರಾಕ ಒಂದ್ ಕುರ್ಚಿನರ ಕೊಡ್ರಿ!"

ನೋಡಬ್ಯಾಡ್ರಿ

ಮೂರ್ತಿ ನಿಂತಿತು. ಉದ್ಘಾಟನೆ ಮಾಡಬೇಕಾದ ದೊಡ್ಡವರಿಗೆ ಬಿಡುವು ಸಿಗಲಿಲ್ಲ. ರಾಜರು ತಿಂಗಳುಗಟ್ಟಲೆ ಬಟ್ಟೆಯ ಮುಸುಕಿನೊಳಗೆ ಉಳಿದರು. ಬಸ್ಸಿನ ಕಂಡಕ್ಟರುಗಳು "ಮುಸುಕಿನ ಸರ್ಕಲ್, ಇಳೀರಿ" ಎಂದು ಕೂಗತೊಡಗಿದರು. ನನಗೆ ಮೈ ಉರಿಯುತ್ತಿತ್ತು.

ಸಂತೆಯ ದಿನ ಜೋರು ಗಾಳಿ ಬೀಸಿ ಬಟ್ಟೆ ಹಾರಿಹೋಯಿತು. ಅಲ್ಲಿದ್ದ ಪೊಲೀಸಪ್ಪ ಗಾಬರಿಯಾಗಿ ಎರಡೂ ಕೈ ಬೀಸುತ್ತ, "ಯಾರೂ ನೋಡಬ್ಯಾಡ್ರಿ! ಇನ್ನಾ ಉದ್ಘಾಟನಿ ಆಗಿಲ್ಲ!" ಎಂದು ಕೂಗಿದ. ಸಂತೆಗೆ ಸಂತೆಯೇ ತಲೆಯೆತ್ತಿ ನೋಡಿತು. ಟಗರು ಮಾರಲು ಅವ್ವನೂ ಅಂದು ಅಲ್ಲಿಗೆ ಬಂದಿದ್ದಳು. ಸುದ್ದಿ ತಿಳಿದ ಕೂಡಲೇ ಶೆಡ್ಡಿನಿಂದ ಅವಳಿಗೆ ಫೋನು ಹಚ್ಚಿದೆ.

"ನೋಡಿದಿ ಏನಬೇ ಯವ್ವಾ? ಹೆಂಗದ?"

"ಪೊಲೀಸ ಬ್ಯಾಡ ಅಂದನಲ್ಲೋ. ನಾ ಕಣ್ಣು ಮುಚ್ಚಿಕೊಂಡೆ. ಟಗರಿನ ಕಣ್ಣೂ ಮುಚ್ಚಿದೆ."

ಸನ್ಮಾನ

ಮುಸುಕು ಮತ್ತೆ ಕಟ್ಟಿದ ಮೇಲೆ ಅಂತೂ ದೊಡ್ಡವರು ಬಂದರು. ಡೊಳ್ಳು ಬಡಿದರು, ಹಗ್ಗ ಎಳೆದರು, ಮುಸುಕು ಜಾರಿತು. ಬಿಸಿಲಿಗೆ ರಾಜರ ಮುಖ ಫಳಫಳ ಹೊಳೆಯಿತು. ನಾನು ಎದೆಯುಬ್ಬಿಸಿ ಹಿಂದೆ ನೋಡಿದರೆ, ಅವ್ವ ಗದ್ದಲದಲ್ಲಿ ಎಲ್ಲೋ ಹೋದ ಚಪ್ಪಲಿಯನ್ನು ಬಗ್ಗಿ ಹುಡುಕುತ್ತಿದ್ದಳು.

ನಮ್ಮಲ್ಲಿ ದೊಡ್ಡವರಿಗೆ ಕಂಬಳಿ ಹೊದಿಸಿ ಸನ್ಮಾನ ಮಾಡುವುದು ರೂಢಿ. ವೇದಿಕೆಯ ಮೇಲಿದ್ದವರಿಗೆಲ್ಲ ಹೊದಿಸಿ ಆಯಿತು. ಆಗ ಒಬ್ಬ ಹಿರಿಯರು ಎದ್ದರು: "ಸಾಹೇಬ್ರಿಗೆ ಹೊಚ್ಚಿ ನಮ್ಮ ರಾಜರಿಗೆ ಹೊಚ್ಚಲಿಲ್ಲಂದ್ರ ಹೆಂಗ?"

ನಿಚ್ಚಣಿಕೆ ಬಂತು. ಕಂಬಳಿ ಹೆಗಲ ಮೇಲೆ ನಿಲ್ಲದೆ ಜಾರುತ್ತಿತ್ತು. ಮೇಲೆ ಹತ್ತಿದವನು ಕುರಿ ಕಾಯುವವನೇ, ಮಳೆಯಲ್ಲಿ ತಾನು ಹಾಕಿಕೊಳ್ಳುವ ಹಾಗೆ ರಾಜರಿಗೂ ತಲೆ ಮೇಲಿಂದ ಮುಖದವರೆಗೆ ಕಂಬಳಿಯ ಕೊಪ್ಪೆ ಹಾಕಿ ಗಂಟು ಬಿಗಿದ. ಮಾನ್ವಿಯಿಂದ ಕಂಬಳಿ ಹಿಡಿದು ಬಂದಿದ್ದವರು ಇದನ್ನು ಕಂಡು ಬಿಡುತ್ತಾರೆಯೇ? ಅವರದೂ ಒಂದು ಏರಿತು. ಮೀಸೆ, ಹುಬ್ಬು, ಗದ್ದ ಎಲ್ಲ ಒಳಗೆ. ಕುದುರೆ ಮಾತ್ರ ಹೊರಗೆ.

"ತಗೀರಿ!" ಎಂದು ಕೂಗಿದೆ.

"ಹೊಚ್ಚಿದ ಮರ್ಯಾದಿ ತಗಿಯಾಕ ಬರತದೇನು?" ಎಂದು ನನ್ನನ್ನೇ ಗದರಿದರು.

ಅಳು ಬರುವಂತಾಯಿತು. ಅಷ್ಟರಲ್ಲಿ ಚಪ್ಪಲಿ ಸಿಕ್ಕ ಅವ್ವ ಪಕ್ಕಕ್ಕೆ ಬಂದು ನಿಂತು ತಲೆಯೆತ್ತಿದಳು. ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಥೇಟ್ ನಿಮ್ಮಪ್ಪನ ನೋಡೋ ತಮ್ಮಾ, ಮಳಿಯಾಗ ಕುರಿ ಹಿಂದ ಹೊಂಟಂಗ. ಚಂದ ಮಾಡೀಯೋ."

ಅವ್ವ ಇನ್ನೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಕುದುರಿ ಒಂದು ಸುಳ್ಳು."