ಹೂ ಕಂಡರೆ ಸುಮ್ಮನಿರದ ಕೈ

ನಮ್ಮ ಸೋದರಮಾವನಿಗಿಂತ ಹೆಚ್ಚು ಹೆದರುವವರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಹೇಳಿ, ಶಾಲು ಹೊದಿಸಿ ಸನ್ಮಾನ ಮಾಡಿಸುತ್ತೇನೆ! ಭೀಮನಬೀಡಿನಲ್ಲಿ ಹೊಗೆಸೊಪ್ಪು ಬೆಳೆಯುವ ಈ ಮಹಾನುಭಾವರಿಗೆ ಮೋಡ ಬಂದರೆ ಸೊಪ್ಪು ಕೊಳೆಯುವ ಭಯ, ಹೋದರೆ ಒಣಗುವ ಭಯ. ಎರಡೂ ಆಗದ ದಿನ, ಇವತ್ತೇಕೆ ಏನೂ ಆಗಲಿಲ್ಲವೆಂದು ಮಜ್ಜಿಗೆಯನ್ನೂ ಮುಟ್ಟುವುದಿಲ್ಲ.

ನಾನು ತಂಬಾಕು ತಳಿ ಸಂಶೋಧನೆಯ ಲ್ಯಾಬಿನಲ್ಲಿ ಟೆಂಪರರಿ ನೌಕರಿಯವಳು. ಬೇರುಗಂಟು ರೋಗ ತಡೆಯುವ ಜೀನ್ ಯಾವ ಸಸಿಯಲ್ಲಿದೆ ಎಂದು ಎಳೆಯ ಎಲೆಯ ಚೂರಿನಲ್ಲೇ ಪತ್ತೆ ಮಾಡುತ್ತೇವೆ. ಹಾಗೆ ಆರಿಸಿದ ನಾಲ್ಕು ಗಿಡಗಳನ್ನು ಮಾವನ ಹೊಲದಲ್ಲಿ ಪರೀಕ್ಷಿಸೋಣ ಎಂದು ಲ್ಯಾಬಿನ ಸಾಹೇಬರಿಗೆ ಹೇಳಿದವಳು ನಾನೇ. ಆ ರೋಗಕ್ಕೆ ಅಲ್ಲೇನು ಬರವೇ? ಜೀನ್ ಎಲೆಯೊಳಗಿದೆ ಎಂದಾಗ ಮಾವ, ಜೋರು ಮಳೆ ಬಂದರೆ ಅದು ತೊಳೆದುಹೋಗುವುದಿಲ್ಲವೇ ಎಂದು ಮೂರು ಸಲ ಕೇಳಿದ್ದರು.

ಸುತ್ತಲಿನ ಗಿಡಗಳು ಸೊರಗಿದರೂ ಈ ನಾಲ್ಕು ನಳನಳಿಸಿ ಮೊಗ್ಗು ತಂದವು. ನನ್ನ ಭಯ ಶುರುವಾದದ್ದೇ ಆಗ! ಬೀಜ ಬೇಕಾದರೆ ಹೂ ಉಳಿಯಬೇಕು. ಹೊಗೆಸೊಪ್ಪಿನವರು ಹೂ ಉಳಿಸುವವರೇ? ಎಲೆ ದಪ್ಪವಾಗಲೆಂದು ಕುಡಿ ಕಂಡೊಡನೆ ಚಿವುಟುತ್ತಾರೆ. ಮಾವನ ಕೈಗಂತೂ ನಲವತ್ತು ವರ್ಷದ ರೂಢಿ. ನಾಳೆ ಬಂದು, ಬೇರೆ ಗಿಡದ ಪರಾಗ ತಾಗದಂತೆ ಹೂವಿಗೆ ಚೀಲ ಕಟ್ಟುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಫೋನಿನಲ್ಲೇ ಆಣೆ ಮಾಡಿಸಿಕೊಂಡೆ.

ಸಂಜೆ ಮಾವನದೇ ಫೋನು. ಗಿಡಗಳ ಪಕ್ಕದಲ್ಲೇ ಅಡ್ಡಾಡುತ್ತಿದ್ದೇನೆ, ಎಲ್ಲ ಚೆನ್ನಾಗಿವೆ, ಹೆದರಬೇಡ ಎಂದು ನನಗೇ ಧೈರ್ಯ ಹೇಳಿದರು. ಇದ್ದಕ್ಕಿದ್ದಂತೆ ಅಯ್ಯೋ ಎಂದರು.

"ಮೂರು ಓದ್ವು ಕಣಮ್ಮಿ."

ಎಡಗೈಯಲ್ಲಿ ಫೋನು ಹಿಡಿದು ಮಾತಾಡುತ್ತಿದ್ದಾಗ ಬಲಗೈ ತನ್ನ ಕೆಲಸ ತಾನು ಮಾಡಿ ಮುಗಿಸಿತ್ತು! ಚಿವುಟಿದ ಗಿಡಗಳಲ್ಲಿ ಪಕ್ಕದ ಕುಡಿ ಬಂದು ಬೀಜವಾಗಲು ಹಂಗಾಮೂ ಉಳಿದಿರಲಿಲ್ಲ. ಉಳಿದ ಒಂದು ಗಿಡವೂ ಹೋದರೆ ಸಾಹೇಬರಿಗೆ ಏನೆಂದು ಹೇಳಲಿ?

ಬೆಳಿಗ್ಗೆ ಮೊದಲ ಬಸ್ಸಿಗೆ ಓಡಿದೆ. ಮಾವ ನಾಲ್ಕನೆಯ ಗಿಡದ ಬುಡದಲ್ಲಿ ಕುಳಿತಿದ್ದರು, ಬಲಗೈಗೆ ಮುಂಗೈವರೆಗೂ ಟವಲು ಬಿಗಿದುಕೊಂಡು. ಹಾವು ಕಚ್ಚಿತೇ ಎಂದು ಕೂಗಿಕೊಂಡೆ.

"ಏನೂ ಆಗಿಲ್ಲ. ಈ ಕೈಯ ನಂಬಂಗಿಲ್ಲ, ಅದ್ಕೆ ಕಟ್ಟಾಕಿವ್ನಿ."

ರಾತ್ರಿ ಅತ್ತೆಯೇ ತುತ್ತು ಮಾಡಿ ತಿನ್ನಿಸಿದರಂತೆ. ನಾನು ಹೂವಿಗೆ ಚೀಲ ಕಟ್ಟಿ ಮುಗಿಸುವವರೆಗೂ ಮಾವ ದೂರವೇ ನಿಂತರು. ಟವಲು ಬಿಚ್ಚಲು ಹೋದರೆ ಕೈ ಹಿಂದೆ ಎಳೆದುಕೊಂಡರು.

"ಬೀಜ ಆಗೋಗಂಟ ಇರ್ಲಿ ಬುಡು. ಗಿಡ ಓದ್ರೆ ಇನ್ನೊಂದ ನೆಡ್ಬೋದು. ನಿನ್ ಕೆಲ್ಸ ಓದ್ರೆ ಏನ್ ಮಾಡಾನ?"

ಬಯ್ಯಲೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಬಿಟ್ಟು ಬಲವಂತವಾಗಿ ಟವಲು ಬಿಚ್ಚಿದೆ. ಜೋಮು ಹಿಡಿದಿದ್ದ ಆ ಬೆರಳುಗಳನ್ನು ಉಜ್ಜುತ್ತ ಅಲ್ಲೇ ಕುಳಿತೆ.