ಒಳ್ಳೆಯ ಕೈಗೊಂದು ಚೀಲ

ಟೈಲರ್ ಹೆಂಡತಿ ಹೊರಡುವಾಗ ಮೇಲಿನ ಮನೆಯ ಅಜ್ಜಿಗೆ ಒಂದೇ ಒಂದು ಮಾತು ಹೇಳಿದಳು: "ನಮ್ಮನೆಯವರನ್ನ ಸ್ವಲ್ಪ ನೋಡ್ಕೊಳ್ತಿರಿ ಅಜ್ಜಿ, ಸಂಜೆ ಐದಕ್ಕೆ ಬಂದ್ಬಿಡ್ತೀನಿ." ಆಮೇಲಿನ ಅನಾಹುತಕ್ಕೆಲ್ಲ ಆ 'ಸ್ವಲ್ಪ'ವೇ ಮೂಲ. ಅಜ್ಜಿಗೆ ಜನ್ಮದಲ್ಲಿ ಯಾವುದನ್ನೂ ಸ್ವಲ್ಪ ಮಾಡಿ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು ಟೈಲರ್ ಮಲಗಿಬಿಟ್ಟಿದ್ದ. ಕಾಲು ಸರಿಹೋಯಿತು, ಮಾತೂ ಸರಿಹೋಯಿತು. ಬಲಗೈ ಮಾತ್ರ ಮುನಿಸಿಕೊಂಡ ಬೀಗರ ಹಾಗೆ ಎಷ್ಟು ಕರೆದರೂ ಏಳಲೊಲ್ಲದು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಥೆರಪಿ ಮೇಡಂ ಕಾರಣ ಕಂಡುಹಿಡಿದಿದ್ದರು: "ಎಡಗೈ ಎಲ್ಲಾ ಮಾಡ್ಕೊಡ್ತಿದ್ರೆ ಬಲಗೈ ಯಾಕೆ ಮೈ ಬಗ್ಗಿಸುತ್ತೆ? ದಿನಾ ಆರು ಗಂಟೆ ಒಳ್ಳೆ ಕೈಯನ್ನ ಚೀಲದೊಳಗೆ ಕಟ್ಟಿಹಾಕಿ."

ಆ ಚೀಲ ಹೊಲಿದುಕೊಟ್ಟವನು ಅಂಗಡಿ ನೋಡಿಕೊಳ್ಳುತ್ತಿದ್ದ ಭಾಮೈದ. ಹೊಲಿಗೆ ಹಾವು ಹರಿದಂತಿತ್ತು. ಅದನ್ನು ನೋಡಿದಾಗಲೆಲ್ಲ ಟೈಲರ್ ಹೊಟ್ಟೆ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷ ಕಟ್ಟಿದ ಹೆಸರು ಇಂಥವನ ಪಾಲಾಯಿತಲ್ಲ! ಒಂದು ಕಾಲು ಗಿಡ್ಡವಾದ ಪ್ಯಾಂಟಿನಲ್ಲಿ ವಕೀಲರೊಬ್ಬರು ಆಗಲೇ ಕೋರ್ಟಿಗೆ ಹೋಗಿಬಂದಿದ್ದರು.

ಇವತ್ತು ಐದಕ್ಕೆ ಮೇಡಂ ಪರೀಕ್ಷೆ. ಬಲಗೈ ಭುಜದ ಮಟ್ಟಕ್ಕೆ ಎದ್ದರೆ ಸೋಮವಾರದಿಂದ ಅಂಗಡಿ; ಏಳದಿದ್ದರೆ ಮತ್ತೆ ಆರು ವಾರ ಮನೆ. ಮೂರು ವಾರದಿಂದ ಅದು ಹೊಕ್ಕುಳು ದಾಟಿರಲಿಲ್ಲ. ಇಡೀ ದಿನ ಅಭ್ಯಾಸ ಮಾಡಿಬಿಡೋಣವೆಂದು ಎಡಗೈಗೆ ಹೆಂಡತಿಯಿಂದ ಚೀಲ ಕಟ್ಟಿಸಿಕೊಂಡಿದ್ದ. ಅವಳು ಹಾಕಿದ ಗಂಟನ್ನು ಅವಳೇ ಬಂದು ಬಿಚ್ಚಬೇಕಿತ್ತು.

ಮೊದಲ ಅಭ್ಯಾಸ, ತಟ್ಟೆಯಲ್ಲಿದ್ದ ಐವತ್ತು ಅಂಗಿ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುವುದು. ಬೆವರು ಸುರಿಸಿ ಮೂರು ಹಾಕಿದ್ದ, ಅಜ್ಜಿ ಬಂದಳು.

"ಅಯ್ಯೋ ನನ್ನ ಕಂದಾ, ಈಗ ಎಡಗೈಗೂ ಬಂತಾ!"

"ಇಲ್ಲ ಅಜ್ಜಿ, ಇದು ಚೆನ್ನಾಗಿರೋ ಕೈ. ಅದಕ್ಕೇ ಕಟ್ಟಿರೋದು."

ಅಜ್ಜಿ ಅವನ ಹಣೆ ಮುಟ್ಟಿ ನೋಡಿದಳು. ಚೆನ್ನಾಗಿರುವ ಕೈಗೆ ಕಟ್ಟು ಹಾಕಿಸಿಕೊಂಡವನ ತಲೆಯೂ ಕೆಟ್ಟಿದೆ ಎಂದು ಅವಳಿಗೆ ಖಾತ್ರಿಯಾಯಿತು. "ಆಯ್ತು ಮಗಾ, ನೀನು ಅಲುಗಾಡ್ಬೇಡ" ಎಂದವಳೇ ಉಳಿದ ನಲವತ್ತೇಳು ಗುಂಡಿಯನ್ನೂ ಒಂದೇ ಸಲಕ್ಕೆ ಡಬ್ಬಿಗೆ ಸುರಿದಳು. ಸುರಿದು, ಎದುರುಮನೆಯ ನಿವೃತ್ತ ಹೆಡ್‌ಮಾಸ್ತರನ್ನೂ ಹಿಂದಿನ ಮನೆಯ ಲಾರಿ ಡ್ರೈವರನನ್ನೂ ಕೂಗಿ ಕರೆದಳು.

ಟೈಲರ್ ಬಾಚಣಿಗೆ ಹಿಡಿದರೆ ಹೆಡ್‌ಮಾಸ್ತರು ಕಿತ್ತುಕೊಂಡು ತಾವೇ ಬಾಚಿದರು, ಬೈತಲೆ ಕಿವಿಯ ಹತ್ತಿರ ಬಂತು. ಬಚ್ಚಲಿಗೆಂದು ಎದ್ದರೆ ಡ್ರೈವರ್ ಮೂಟೆಯ ಹಾಗೆ ಎತ್ತಿಕೊಂಡ.

"ಕಾಲು ನೆಟ್ಟಗಿದೆ ಕಣಯ್ಯಾ, ಇಳಿಸು!"

"ಸಂಕೋಚ ಬೇಡ ಅಣ್ಣಾ, ನಾವಿಲ್ವಾ?"

ನಾಲ್ಕೂಮುಕ್ಕಾಲಾಯಿತು. ಬಲಗೈ ಬೆಳಗಿಂದ ಮೂರು ಗುಂಡಿ ಹೆಕ್ಕಿದ್ದು ಬಿಟ್ಟು ಬೇರೇನೂ ಮಾಡಿರಲಿಲ್ಲ. ತಲೆ ಚಚ್ಚಿಕೊಳ್ಳೋಣವೆಂದರೆ ಅದಕ್ಕೂ ಒಂದು ಕೈ ಬೇಕಲ್ಲ! ಅಷ್ಟರಲ್ಲಿ ಅಜ್ಜಿ ಮೂರನೇ ಸಲ ಗಂಜಿ ತಂದಳು. ಡ್ರೈವರ್ ಭುಜ ಒತ್ತಿಹಿಡಿದ. ಹೆಡ್‌ಮಾಸ್ತರು ಮುಂದೆ ಬಗ್ಗಿ, "ಎಲ್ಲಿ, ಜಾಣ ಹುಡುಗ, ಆ ಅನ್ನು" ಎಂದರು. ಟೈಲರ್ ತುಟಿ ಬಿಗಿದ. ಅಜ್ಜಿ ಚಮಚವನ್ನು ಸಂದಿಯಲ್ಲಿ ತುರುಕಿದಳು.

"ಸಾಕು ಬಿಡ್ರೋ!"

ಚಮಚ ಹಾರಿತು. ಗಂಜಿ ಹೆಡ್‌ಮಾಸ್ತರ ಕನ್ನಡಕದ ಮೇಲೆ ಇಳಿಯಿತು. ಅಜ್ಜಿಯನ್ನು ದೂರ ತಳ್ಳಿದ ಕೈ ಇನ್ನೂ ಗಾಳಿಯಲ್ಲೇ ಇತ್ತು, ಭುಜದ ಮಟ್ಟಕ್ಕೆ. ಅದು ಬಲಗೈ! ಮೂರು ತಿಂಗಳಾದ ಮೇಲೆ ತನ್ನ ಕೈಯನ್ನು ತನ್ನ ಕಣ್ಣೆದುರಿಗೆ ಕಂಡ ಟೈಲರಿಗೆ ಅಳು ಬಂದುಬಿಟ್ಟಿತು.

ಬಾಗಿಲಲ್ಲಿ ಚಪ್ಪಾಳೆ ಕೇಳಿಸಿತು. ಹೆಂಡತಿಯ ಜೊತೆ ಥೆರಪಿ ಮೇಡಂ ನಿಂತಿದ್ದರು. "ಪಾಸ್! ಸೋಮವಾರದಿಂದ ಧಾರಾಳವಾಗಿ ಅಂಗಡಿಗೆ ಹೋಗಿ."

"ನೋಡಿದ್ರಾ?" ಟೈಲರ್ ಭುಜಕ್ಕೆ ಕಣ್ಣೊರೆಸಿಕೊಂಡು ಮೂವರ ಕಡೆ ತಿರುಗಿದ. "ಇನ್ಮೇಲೆ ನಿಮಗ್ಯಾರಿಗೂ ತೊಂದರೆ ಇಲ್ಲ. ಹೋಗ್ಬನ್ನಿ, ದಮ್ಮಯ್ಯ."

"ಎಲ್ಲಿಗೆ ಹೋಗೋದು?" ಮೇಡಂ ತಡೆದರು. "ನಾನು ಮೂರು ವಾರ ಬಡ್ಕೊಂಡ್ರೂ ಏಳದ ಕೈಯನ್ನ ಇವರು ಒಂದೇ ದಿನದಲ್ಲಿ ಎಬ್ಬಿಸಿದಾರೆ. ಆರು ವಾರ ಇವರೂ ಅಂಗಡಿಗೆ ಬರ್ಲಿ. ಚೀಲ ಕೈಯಲ್ಲೇ ಇರ್ಲಿ. ಅಲ್ಲೀವರೆಗೂ ಹೊಲಿಯೋದು ನಿಮ್ಮ ಭಾಮೈದನೇ ಹೊಲೀಲಿ, ನೀವು ಇವರನ್ನ ತಳ್ತಾ ಇರಿ."

ಹೆಡ್‌ಮಾಸ್ತರು ಕನ್ನಡಕ ಒರೆಸಿಕೊಂಡು ಟೈಮ್‌ಟೇಬಲ್ ಬರೆಯಲು ಕಾಗದ ಕೇಳಿದರು. ಅಜ್ಜಿ ಚಮಚ ಹೆಕ್ಕಿ ಸೆರಗಿನಲ್ಲಿ ಒರೆಸಿದಳು.

"ಅಂಗಡಿ ಬಾಗಿಲು ಎಷ್ಟು ಗಂಟೆಗೆ ತೆಗೀತೀಯ ಮಗಾ? ಗಂಜಿ ಬಿಸಿಬಿಸಿ ತರ್ತೀನಿ."