ಗೆರಟೆ ಸಾಬೂನು

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅಮ್ಮ ಪಾಲೆ ಮರದ ಕೆತ್ತೆಯ ಕಹಿ ಕಷಾಯದ ಲೋಟ ಹಿಡಿದು ಹಿತ್ತಿಲಿಗೆ ಬರುವಷ್ಟರಲ್ಲಿ ನಾನು ಬೇಲಿ ಹಾರಿಯಾಗಿತ್ತು. ಮನೆ ಬಿಟ್ಟದ್ದು ಅದೇ ಮೊದಲು. ಶಾಲೆಯೂ ಅವತ್ತೇ ತಪ್ಪಿತು. ಆಮೇಲೆ ಊರೂರು ತಿರುಗಿ ಕಲಿತದ್ದಿಷ್ಟು: ಹೊಟ್ಟೆಗೆ ಒಳ್ಳೆಯದು ಕಹಿಯಾಗಿರುತ್ತದೆ, ಆಗದ್ದು ಬೆಲ್ಲದ ವೇಷ ಹಾಕಿ ಬರುತ್ತದೆ. ಇಂಥದ್ದು ಎಲ್ಲ ಕಡೆ ನಡೆಯುತ್ತದೆ. ನಾನಿದ್ದಲ್ಲಿ ತುಸು ಹೆಚ್ಚು.

ಕಾರ್ಕಳ

ಅರವತ್ತರ ದಶಕದ ಕೊನೆಗೆ ಕಾರ್ಕಳದ ಧಣಿಗಳೊಬ್ಬರು ಮಾಡಿದ ಸಾಬೂನನ್ನು ಹೊತ್ತು ಮಾರುತ್ತಿದ್ದೆ. ಹೊನ್ನೆಎಣ್ಣೆಯ ಕಂದು ಸಾಬೂನು. ಅಚ್ಚಿಗೆ ಖರ್ಚೇಕೆಂದು ತೆಂಗಿನ ಗೆರಟೆಯಲ್ಲಿ ಹೊಯ್ಯುತ್ತಿದ್ದರು. ನಮ್ಮ ಕಡೆ ತಾಳೆಬೆಲ್ಲಕ್ಕೂ ಅದೇ ಗೆರಟೆ, ಅದೇ ಬಣ್ಣ. ಸಾಲದ್ದಕ್ಕೆ ಎಣ್ಣೆಯ ನಾತ ಅಡಗಲೆಂದು ಏಲಕ್ಕಿ ಸಿಪ್ಪೆಯನ್ನೂ ಕುಟ್ಟಿ ಹಾಕಿದರು.

"ಧಣೀ, ಮಕ್ಕಳು ತಿಂದಾವು," ಎಂದೆ.

"ಬೆಲ್ಲಕ್ಕೆ ಇರುವೆ ಮುತ್ತುತ್ತದೆ, ಇದಕ್ಕೆ ಮುತ್ತುವುದಿಲ್ಲ. ಮಕ್ಕಳಿಗೆ ಇರುವೆಯಷ್ಟೂ ಬುದ್ಧಿ ಇಲ್ವಾ ಮಾರಾಯ?"

ಕಾಪು

ಕಾಪುವಿನ ಕ್ರೈಸ್ತರ ಮನೆಯ ಬಾಯಮ್ಮ ಒಬ್ಬರು ಮಗುವಿನ ಕೈಗೆ ಎಟಕದಿರಲೆಂದು ನನ್ನಿಂದ ಕೊಂಡ ಸಾಬೂನನ್ನು ಮೇಲಿನ ಹಲಗೆಯಲ್ಲಿ, ಬೆಲ್ಲದ ಭರಣಿಯ ಪಕ್ಕದಲ್ಲೇ ಇಟ್ಟಿದ್ದರು. ನಾನು ಹೋದಾಗ ಅವರ ಪುಟ್ಟ ಮಗ ಅಕ್ಕಿ ಪೆಟ್ಟಿಗೆ ಹತ್ತಿ, ಒಂದು ಬದಿ ಕಚ್ಚಿ, ಕಿರುಚುತ್ತಿದ್ದ. ತುಟಿಯ ಮೇಲೆ ನೊರೆ. ಬಾಯಿ ತೊಳೆಸಿ, ಬಸ್ಸು ಹಿಡಿದು ಮಣಿಪಾಲದ ಆಸ್ಪತ್ರೆಗೆ ಓಡಿದೆವು.

"ವಾಂತಿ ಮಾಡಿಸಲಿಲ್ಲ ಅಲ್ವಾ? ಒಳ್ಳೆಯದಾಯಿತು," ಎಂದು ಡಾಕ್ಟರು ಗಂಟಲು ನೋಡಿದರು. "ನುಂಗಲಿಲ್ಲ, ಬಚಾವು."

"ನನಗೆ ಬೈಯಿರಿ ಬಾಯಮ್ಮ," ಎಂದೆ.

"ಎಂತ ಬೈಯುವುದು? ಇಷ್ಟು ದಿನ ಬಟ್ಟೆಯಲ್ಲಿ ಬಾರದ ನೊರೆ ಇವನ ಬಾಯಲ್ಲಿ ಬಂತು!"

ಉಡುಪಿ

ಇದನ್ನು ಹೇಳಿದರೆ ಧಣಿಗಳು, "ನಮ್ಮ ಮನೆಯ ಮಕ್ಕಳು ಹಾಗೆ ಮಾಡುವುದಿಲ್ಲ," ಎಂದುಬಿಟ್ಟರು. ಮರುವಾರ ಉಡುಪಿಗೆ ಹೊರಟರು, ಮಗಳನ್ನು ಕೊಟ್ಟ ಮನೆಗೆ. ಅಲ್ಲಿಗೂ ನಮ್ಮ ಸಾಬೂನೇ ಹೋಗುತ್ತಿತ್ತು. ಜೊತೆಗೆ ನಾನು. ಚಾವಡಿಯಲ್ಲಿ ಕೂತದ್ದೇ ಬೆಲ್ಲ-ನೀರು ಬಂತು, ಮನೆಗೆ ಬಂದವರಿಗೆ ಮೊದಲು ಅದಾಗಬೇಕಲ್ಲ. ತಂದವಳು ಪುಟ್ಟ ಮೊಮ್ಮಗಳು. ಯಾರೂ ಹೇಳದೆ ತಾನೇ ಒಡೆದು ತಂದಿದ್ದಳು. ನನಗೆ ಏಲಕ್ಕಿ ಪರಿಮಳ ಬಡಿಯುವಷ್ಟರಲ್ಲಿ ಧಣಿಗಳು ಒಂದು ತುಂಡು ಬಾಯಿಗೆ ಹಾಕಿಯಾಗಿತ್ತು. ಕಣ್ಣು ದೊಡ್ಡದಾಯಿತು. ಬೀಗರ ಎದುರು ಉಗುಳುವುದು ಹೇಗೆ?

"ಬೆಲ್ಲ ಹೇಗುಂಟು?" ಎಂದರು ಬೀಗರು.

"ಹ್ಞೂಂ," ಎಂದರು ಧಣಿಗಳು, ತುಟಿ ಬಿಡಿಸದೆ.

ಅಷ್ಟರಲ್ಲಿ ಮಗು ಇನ್ನೊಂದು ತುಂಡನ್ನು ತನ್ನ ಬಾಯಿಗೆ ಒಯ್ದಿತು. ಧಣಿಗಳು ಬಾಯಲ್ಲಿದ್ದದ್ದನ್ನು ಬೀಗರ ಬಿಳಿ ಪಂಚೆಯ ಮೇಲೆ ಉಗಿದು, ಮಗುವಿನ ಕೈಗೆ ಬಡಿದು ಕೂಗಿದರು: "ಬಿಸಾಡು ಮಗಾ! ಸಾಬೂನು ಅದು, ಸಾಬೂನು!"

ಬೀಗರು ಪಂಚೆ ನೋಡಿಕೊಂಡರು. "ಪರವಾಗಿಲ್ಲ ಬಿಡಿ. ಸಾಬೂನಲ್ವಾ, ನೀರು ಹಾಕಿದರೆ ಆಯಿತು."

ಮತ್ತೆ ಕಾರ್ಕಳ

ಮರಳಿದ ದಿನವೇ ಗೆರಟೆಗಳೆಲ್ಲ ಒಲೆ ಸೇರಿದವು, ಏಲಕ್ಕಿ ನಿಂತಿತು. ಬಡಗಿಯಿಂದ ಚೌಕದ ಅಚ್ಚು ಬಂತು, ಪೇಟೆಯಿಂದ ಹಸಿರು ಬಣ್ಣ ಬಂತು. ಮೊದಲ ತಟ್ಟೆಯನ್ನು ಧಣಿಗಳು ತಾವೇ ಹಿಡಿದು ತಂದು ತೋರಿಸಿದರು. ಚೌಕ ಚೌಕ ತುಂಡುಗಳು, ಎಣ್ಣೆ ಹೊಳೆಯುತ್ತಿತ್ತು.

"ಈಗ ಹೇಳು ಮಾರಾಯ, ಬೆಲ್ಲದ ಹಾಗೆ ಉಂಟಾ?"

"ಇಲ್ಲ ಧಣೀ, ಬೆಲ್ಲದ ಹಾಗೆ ಇಲ್ಲವೇ ಇಲ್ಲ."

ರಜೆಗೆಂದು ಅಜ್ಜನ ಮನೆಗೆ ಬಂದಿದ್ದ ಮೊಮ್ಮಗಳು ಅಂಗಳದಿಂದ ಓಡಿ ಬಂದಳು: "ಅಜ್ಜಾ, ಹಲ್ವ!"

ಧಣಿಗಳು ತಟ್ಟೆಯನ್ನು ತಲೆಗಿಂತ ಮೇಲಕ್ಕೆತ್ತಿ ಹಾಗೇ ನಿಂತುಬಿಟ್ಟರು. ಮುಂದಿನ ಅಚ್ಚು ಯಾವ ತಿಂಡಿಯದ್ದೋ ಎಂದು ಕಾಯುವ ಧೈರ್ಯ ನನಗಿರಲಿಲ್ಲ. ಒಳಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬತೊಡಗಿದೆ.